ಎಡಗೈ ರೊಟ್ಟಿಯ ವರ್ಷ

ಕಳೆದ ವಾರ ಕಮಲಾಪುರದಲ್ಲಿ ಬಸ್ಸಿಳಿದು ನಮ್ಮ ಹೊಲದ ದಾರಿ ಹಿಡಿದಿದ್ದೆ. ಯಾರದೋ ಮನೆಯ ಕಿಟಕಿಯಿಂದ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದ ವಾಸನೆ ಬಂತು. ಅದು ಹಸಿ ಹಿಟ್ಟಿನದೂ ಅಲ್ಲ, ಬೆಂದ ರೊಟ್ಟಿಯದೂ ಅಲ್ಲ, ಎರಡರ ನಡುವಿನದು. ಗೊತ್ತಿದ್ದವರಿಗೆ ಗೊತ್ತು. ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಒಳಗೆ ಪಟ ಪಟ ಎಂದು ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಬಲಗೈಯಲ್ಲಿ ಚೀಲ ಹಿಡಿದಿದ್ದೆ. ಈಗ ಅದು ಚೀಲ ಹಿಡಿಯುತ್ತದೆ, ಪೆನ್ನು ಹಿಡಿಯುತ್ತದೆ, ಸಿಟ್ಟು ಬಂದರೆ ಮೇಜನ್ನೂ ಗುದ್ದುತ್ತದೆ. ಆದರೂ ಆ ಸದ್ದಿಗೆ ಎಚ್ಚರಾದದ್ದು ಎಡಗೈ. ನನ್ನನ್ನು ಕೇಳದೆ ಸೀರೆಯ ನೆರಿಗೆಯ ಮೇಲೆ ಎರಡು ಸಲ ಬಡಿಯಿತು. ಅದಕ್ಕೆ ಆ ಚಟ ಹತ್ತಿಸಿದ್ದು ನನ್ನ ಬಾಳಿನ ಎಂಟು ತಿಂಗಳು, ಒಂದು ವೈಶಾಖದಿಂದ ಎಳ್ಳ ಅಮಾವಾಸ್ಯೆಯವರೆಗೆ.

ಆ ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲನ್ನು ಬಯ್ಯದೆ ಉಪಯೋಗಿಸಿಕೊಂಡವಳು ನಾನೊಬ್ಬಳೇ ಇರಬೇಕು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮಾಳಿಗೆಯ ತುಂಬ ಸಂಡಿಗೆ ಹಾಕಿದ್ದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು ನಾಲ್ಕು ಹನಿ ಬಿದ್ದವು. ಸಂಡಿಗೆ ಸಮೇತ ಹಾಳೆ ಸುತ್ತಿಕೊಂಡು ಓಡಿ ಇಳಿಯುವಾಗ ಕೊನೆಯ ಮೂರು ಮೆಟ್ಟಿಲು ಕಾಣಲಿಲ್ಲ. ಸಂಡಿಗೆ ಉಳಿದವು, ನನ್ನ ಬಲಗೈ ಮೊಣಕೈಯ ಮೇಲೆ ಮುರಿಯಿತು. ಎಲುಬು ತಿಂಗಳೊಪ್ಪತ್ತಿನಲ್ಲಿ ಕೂಡಿಕೊಂಡಿತು. ಆದರೆ ಪಟ್ಟಿ ಬಿಚ್ಚಿದಾಗ ಅಂಗೈ ಮಣಿಕಟ್ಟಿನಿಂದ ಕೆಳಗೆ ಒಣಗಿದ ಬಾಳೆಲೆಯ ಹಾಗೆ ಜೋತು ಬಿದ್ದಿತ್ತು. ಎತ್ತು ಅಂದರೆ ಏಳುವುದಿಲ್ಲ, ಹಿಡಿ ಅಂದರೆ ಹಿಡಿಯುವುದಿಲ್ಲ.

"ನರಕ್ಕ ಪೆಟ್ಟು ಬಿದ್ದದ್ರೀ," ಅಂದರು ಡಾಕ್ಟರು. "ತಿರುಗಿ ಬರ್ತದ. ಆದ್ರ ಅದು ಅವಸರ ಮಾಡಂಗಿಲ್ಲ, ನೀವೂ ಮಾಡಬ್ಯಾಡ್ರಿ."

ಅವಸರ ಮಾಡದೆ ಇರುವುದು ನನ್ನ ಜಾಯಮಾನವಲ್ಲ. ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆಗೆಯಲು ಹಲ್ಲನ್ನೇ ಬಳಸಬೇಕು. ಜಡೆ ಹಾಕಿಕೊಳ್ಳಲು ಆಗದು. ಸೀರೆಗೆ ಪಿನ್ನು ಚುಚ್ಚಲು ಹೋದರೆ ಹೆಗಲಿಗೇ ಚುಚ್ಚುತ್ತದೆ. ನಮ್ಮವರು, ಅಂದರೆ ನನ್ನ ಗಂಡ ಬಸವರಾಜ, ಕಚೇರಿಗೆ ಹೋಗುವ ಮುಂಚೆ ನನ್ನ ತಲೆ ಬಾಚುತ್ತಿದ್ದರು. ಬಾಚುವುದೆಂದರೆ ಕೂದಲನ್ನೆಲ್ಲ ಒಟ್ಟುಮಾಡಿ ಜೋಳದ ಸೂಡು ಕಟ್ಟಿದ ಹಾಗೆ ಬಿಗಿಯುವುದು. ಮಧ್ಯಾಹ್ನದವರೆಗೆ ಹುಬ್ಬು ಕೆಳಗಿಳಿಯುತ್ತಿರಲಿಲ್ಲ.

ಸುದ್ದಿ ತಿಳಿದ ಮೂರನೇ ದಿನಕ್ಕೆ ಕಮಲಾಪುರದಿಂದ ಅತ್ತೆ ಬಂದರು. ಗಂಟು ಇಳಿಸಿ, ಸೆರಗು ಸಿಗಿಸಿ, ಸೀದಾ ಅಡುಗೆಮನೆಗೆ ನಡೆದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ರಾಣಿವಾಸ. ಎದ್ದರೆ "ಕುಂದ್ರು ಯವ್ವಾ", ಬಗ್ಗಿದರೆ "ಕುಂದ್ರು ಯವ್ವಾ". ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನಗೆ ಕೈ ಒದ್ದೆಯೂ ಆಗದೆ ಬಾಯಿಗೆ ಮೊಸರು ಬರುತ್ತಿತ್ತು. ಹದಿನೈದು ದಿನಕ್ಕೇ ಆ ಮೊಸರು ಹುಳಿಯಾಯಿತು.

ಒಂದು ಸಂಜೆ ನಮ್ಮವರ ಗೆಳೆಯರೊಬ್ಬರು ಊಟಕ್ಕೆ ಬಂದಿದ್ದರು. ಅತ್ತೆ ಹಂಚಿನ ಮುಂದಿದ್ದರು. ಸಾರು ಬೇಕೆಂದರಲ್ಲ ಎಂದು ನಾನು ಎಡಗೈಯಲ್ಲಿ ಸೌಟು ಹಿಡಿದು ಬಡಿಸಲು ಹೋದೆ. ಅತ್ತೆ ರೊಟ್ಟಿ ಬಿಟ್ಟು ಎದ್ದು ಬಂದು ಸೌಟು ಕಿತ್ತುಕೊಂಡರು.

"ಎಡಗೈಲೆ ನೀಡ್ತಾರೇನು ಬಂದವ್ರಿಗಿ? ಏನು ತಿಳ್ಕೋತಾರ ಅವ್ರು? ನಿನಗ ಬ್ಯಾನಿ ಅದ, ಖರೇ. ಉಣ್ಣೋ ತಾಟಿಗೇನು ಬ್ಯಾನಿ ಅದ?"

ಗೆಳೆಯರು "ಇರ್ಲಿ ಬಿಡ್ರಿ ಅವ್ವಾ" ಅಂದರೂ ಅತ್ತೆ ಬಿಡಲಿಲ್ಲ. ಅವರು ಕೆಟ್ಟವರಲ್ಲ. ನಾಲ್ಕು ಜನರ ಮುಂದೆ ಎಡಗೈಯಲ್ಲಿ ಒಂದು ಅಡಿಕೆ ಹೋಳನ್ನೂ ಕೊಟ್ಟವರಲ್ಲ ಅಷ್ಟೇ. ನಮ್ಮ ಕಡೆ ಯಾರು ಕೊಟ್ಟಾರು? ಸಣ್ಣವಳಿದ್ದಾಗ ಎಡಗೈ ಚಾಚಿದರೆ ನನ್ನವ್ವನೂ ರಪ್ಪನೆ ಕೊಡುತ್ತಿದ್ದಳು. ಅವತ್ತಿನ ಸಿಟ್ಟು ನನಗೆ ಅತ್ತೆಯ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ.

ಮರುದಿನ ಕಮಲಾಪುರದಿಂದ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಎಂದರೆ ನಮ್ಮತ್ತೆಯ ಅಕ್ಕ, ಇಡೀ ಬಳಗಕ್ಕೆ ನ್ಯಾಯ ಹೇಳುವವರು. ಅಕ್ಕ ತಂಗಿ ಜೋರು ದನಿಯಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಕಮಲಾಪುರದ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಬೆಳೆಯ ನಡುವೆ ಕೂತು ಉಣ್ಣುವುದು ವಾಡಿಕೆ. ನಮ್ಮ ಮನೆಯಲ್ಲಿ ಅವತ್ತಿನ ರೊಟ್ಟಿ ಬಡಿಯುವುದು, ಪಂಕ್ತಿಗೆ ಬಡಿಸುವುದು ಹಿರಿಯ ಸೊಸೆಯ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ಅದು ನನ್ನದು. ಈ ವರ್ಷ ರೊಟ್ಟಿಯನ್ನು ಖಾನಾವಳಿಯಿಂದ ತರಿಸುವುದು, ಬಡಿಸಲು ಬೇರೆ ಯಾರನ್ನಾದರೂ ನೋಡುವುದು ಎಂದು ನಿಶ್ಚಯವಾಯಿತು. ಅಮಾವಾಸ್ಯೆಗೆ ಇನ್ನೂ ಆರು ತಿಂಗಳಿತ್ತು!

ರೊಟ್ಟಿ ಬಡಿಯುವುದೇ ಹೆಣ್ಣಿನ ಬಾಳಲ್ಲ, ನನಗೂ ಗೊತ್ತು. ಬೇಸರ ಬಂದ ದಿನ ನಾನೇ ಹಿಟ್ಟಿನ ಡಬ್ಬಿಗೆ ಶಾಪ ಹಾಕಿದ್ದುಂಟು. ಆದರೆ ನಾನಾಗಿ ಬಿಡುವುದು ಬೇರೆ, ನನ್ನ ಕೈಯಿಂದ ಬಿಡಿಸಿಕೊಳ್ಳುವುದು ಬೇರೆ. "ನೋಡ್ರಿ, ಎಳ್ಳ ಅಮಾಸಿಗಿ ನಾನೇ ರೊಟ್ಟಿ ಮಾಡ್ತೀನಿ, ನಾನೇ ನೀಡ್ತೀನಿ," ಎಂದು ನಮ್ಮವರಿಗೆ ಹೇಳಿದೆ. "ಹ್ಯಾಂಗ ಮಾಡ್ತಿ?" ಅಂದರು. "ಅದು ಗೊತ್ತಿದ್ರ ನಿಮಗ್ಯಾಕ ಹೇಳ್ತಿದ್ದೆ?" ಅಂದೆ.

ಆ ಮಾತನ್ನು ಅವರು ಅಪ್ಪಣೆ ಎಂದುಕೊಂಡರು. ರಾತ್ರಿ ಹಗಲು ಫೋನು ತಿಕ್ಕಿ ತಿಕ್ಕಿ ಸಾಮಾನು ತರಿಸತೊಡಗಿದರು. ಡಬ್ಬಿಯ ಮುಚ್ಚಳ ತೆಗೆಯುವ ಯಂತ್ರ, ಈರುಳ್ಳಿ ಹೆಚ್ಚುವ ಯಂತ್ರ, ಮೊಟ್ಟೆ ಸುಲಿಯುವ ಯಂತ್ರ. ನಮ್ಮದು ಮೊಟ್ಟೆ ತಿನ್ನುವ ಮನೆಯೇ ಅಲ್ಲ. ಅರ್ಧದಷ್ಟು ಯಂತ್ರಗಳನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಕ್ಕೇ ಎರಡು ಕೈ ಬೇಕಿತ್ತು. ಕೊನೆಗೆ ಬಂತು ಕರೆಂಟಿನ ರೊಟ್ಟಿ ಯಂತ್ರ. ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಆಯಿತಂತೆ. ಗೋಧಿಗೆ ಆಗಿರಬಹುದು. ಜೋಳದ ಹಿಟ್ಟಿಗೆ ಅಂಟೆಲ್ಲಿದೆ? ಮುಚ್ಚಳ ತೆಗೆದಾಗ ರೊಟ್ಟಿ ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟು ಕೂತಿತ್ತು.

"ಈ ಡಬ್ಬಿ ಇಡ್ಲಾಕ ಇನ್ನೊಂದು ಮನಿ ಕಟ್ಟಸು, ಬಸ್ಯಾ," ಅಂದರು ಅತ್ತೆ ಮಗನಿಗೆ.

ನನಗೆ ದಾರಿ ತೋರಿಸಿದ್ದು ಅತ್ತೆಯದೇ ಇಳಿಗೆಮಣೆ. ಚಾಕು ಅವರಿಗೆ ಒಗ್ಗುವುದಿಲ್ಲ, ಅದಕ್ಕೇ ಊರಿಂದ ಗಂಟಿನಲ್ಲಿ ಕಟ್ಟಿಕೊಂಡು ತಂದಿದ್ದರು. ಒಮ್ಮೆ ಅವರು ನೀರು ಹಿಡಿಯಲು ಹೊರಗೆ ಹೋದಾಗ ನಾನು ಮಣೆಯ ಮೇಲೆ ಕಾಲಿಟ್ಟು ಕೂತೆ. ಎಡಗೈಯಲ್ಲಿ ಬದನೆಕಾಯಿ ಹಿಡಿದು ಅಲಗಿಗೆ ಒತ್ತಿದೆ. ಸರಕ್ಕನೆ ಎರಡಾಯಿತು. ನನಗೆ ನಗು ಬಂತು. ಚಾಕುವಿಗೆ ಒಂದು ಕೈ ಹಿಡಿಯಲು, ಇನ್ನೊಂದು ಕೈ ಹೆಚ್ಚಲು ಬೇಕು. ಇಳಿಗೆಗೆ ಕಾಲೊಂದು ಒತ್ತಿದ್ದರೆ ಸಾಕು, ಅಲಗು ಅಲ್ಲಾಡುವುದಿಲ್ಲ, ಕಾಯಿ ಆಡುತ್ತದೆ. ಅತ್ತೆ ಬರುವಷ್ಟರಲ್ಲಿ ಅರ್ಧ ಕಿಲೋ ಬದನೆಕಾಯಿ ನೀರಲ್ಲಿ ತೇಲುತ್ತಿತ್ತು. ಅವರು ನನ್ನನ್ನೂ ಬೋಗುಣಿಯನ್ನೂ ನೋಡಿ ಒಗ್ಗರಣೆಗೆ ಇಟ್ಟರು.

ಅವತ್ತಿನಿಂದ ನಾನು ಮನೆಯನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ಯಾವುದು ಅಲ್ಲಾಡದೆ ನಿಂತರೆ ನನ್ನ ಒಂದು ಕೈ ಸಾಕಾಗುತ್ತದೆ? ಪರಾತದ ಕೆಳಗೆ ಹಸಿ ಬಟ್ಟೆ ಹಾಸಿದರೆ ಹಿಟ್ಟು ನಾದುವಾಗ ಅದು ಜಾರುವುದಿಲ್ಲ. ಉಪ್ಪಿನಕಾಯಿ ಭರಣಿಯನ್ನು ಮೇಜಿನ ಖಾನೆಯಲ್ಲಿಟ್ಟು ಸೊಂಟದಿಂದ ಖಾನೆ ಒತ್ತಿದರೆ ಮುಚ್ಚಳ ತಿರುಗುತ್ತದೆ. ಪೇಸ್ಟಿನ ಮುಚ್ಚಳವನ್ನು ಹಾಕದೆ ಬಿಟ್ಟರೆ ತೆಗೆಯುವ ತಾಪತ್ರಯವೇ ಇಲ್ಲ, ಇದನ್ನು ಕಂಡುಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು. ಉಳಿದದ್ದಕ್ಕೆ ಜಗತ್ ವೃತ್ತದ ಹಿಂದಿನ ಗಲ್ಲಿಯಲ್ಲಿದ್ದ ಬಡಗಿ ಖಾದರ್ ಚಾಚಾ ಹತ್ತಿರ ಹೋದೆ. ಹೊಸ ಸಂಸಾರಕ್ಕೆ ಮಣೆ, ಲಟ್ಟಣಿಗೆ, ಸ್ಟೂಲು ಮಾಡಿಕೊಡುವವರು. ಅವರು ಒಂದು ಹಲಗೆಗೆ ಕೆಳಗಿನಿಂದ ಮೂರು ಮೊಳೆ ಹೊಡೆದುಕೊಟ್ಟರು. ಆ ಮೊಳೆಗೆ ಆಲೂಗಡ್ಡೆ ಚುಚ್ಚಿ ನಿಲ್ಲಿಸಿ ಸಿಪ್ಪೆ ತೆಗೆಯುವುದನ್ನು ನೋಡಲು ಪಕ್ಕದ ಮನೆಯವರೂ ಬಂದರು.

ಆದರೆ ರೊಟ್ಟಿ ಮಾತ್ರ ಒಲಿಯಲಿಲ್ಲ. ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತು, ಒಂದು ಕೈ ಬಡಿಯುತ್ತದೆ, ಇನ್ನೊಂದರ ಬೆರಳು ಅಂಚಿನಲ್ಲಿ ನಿಂತು ರೊಟ್ಟಿಯನ್ನು ತಿರುಗಿಸುತ್ತ ಹೋಗುತ್ತದೆ. ಎರಡೂ ಒಂದೇ ತಾಳದಲ್ಲಿ ಆಗಬೇಕು. ನಾನು ಎಡಗೈಯಿಂದ ಬಡಿದು, ಅದೇ ಕೈಯಿಂದ ತಿರುಗಿಸಿ, ಮತ್ತೆ ಬಡಿಯುವಷ್ಟರಲ್ಲಿ ಹಿಟ್ಟು ಕೆಳಗೆ ಹತ್ತಿ ಕಿತ್ತುಬರುತ್ತಿತ್ತು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಹಿಟ್ಟು ಸರಿಯಿಲ್ಲ ಅಂದೆ, ಗಿರಣಿ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕಡೆಗೊಮ್ಮೆ ಮತ್ತೆ ಚಾಚಾ ಅಂಗಡಿಗೆ ಹೋಗಿ ನನ್ನ ಕಷ್ಟ ಹೇಳಿದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟರು.

"ಬೇಟಿ, ಹೇಳಿದ್ರ ನನಗ ಸಮಜ್ ಆಗಂಗಿಲ್ಲ. ನೀವು ಹ್ಯಾಂಗ ಬಡಿತೀರಿ, ಮಾಡಿ ತೋರಸ್ರಿ."

ಮರದ ಹೊಟ್ಟು ಹರಡಿದ ಅವರ ಬೆಂಚಿನ ಮೇಲೆ ನಾನು ಇಲ್ಲದ ರೊಟ್ಟಿ ಬಡಿದು ತೋರಿಸಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ನಾಚಿಕೆಯಾಯಿತು. ಚಾಚಾ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ತಿರುಗಬೇಕು, ಖರೇ. ಆದ್ರ ರೊಟ್ಟಿನೇ ಯಾಕ ತಿರುಗಬೇಕ್ರೀ? ಕೆಳಗಿನ ಹಲಗಿ ತಿರುಗಿದ್ರ ನಡಿಯಂಗಿಲ್ಲೇನು?"

ದಿನಾ ರೊಟ್ಟಿ ಬಡಿಯುವ ನಮಗ್ಯಾರಿಗೂ ಹೊಳೆಯದ್ದು, ರೊಟ್ಟಿ ಬಡಿಯದ ಬಡಗಿಗೆ ಹೊಳೆದಿತ್ತು. ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕೆನಿಸಿತು. ಒಂದು ವಾರದಲ್ಲಿ ಅವರು ಸಾಗವಾನಿಯ ದುಂಡನೆಯ ಹಲಗೆ ಮಾಡಿ, ಹಳೆಯ ಫ್ಯಾನಿನ ಬೇರಿಂಗಿನ ಮೇಲೆ ಕೂರಿಸಿದರು. ಎಡಗೈ ಬಡಿಯಬೇಕು, ಜೋತು ಬಿದ್ದ ಬಲಗೈಯ ಮುಂಗೈಯಿಂದ ಹಲಗೆಯ ಅಂಚನ್ನು ಮೆಲ್ಲಗೆ ನೂಕಬೇಕು. ನಾಲ್ಕು ತಿಂಗಳಿಂದ ಸುಮ್ಮನೆ ಕೂತು ಉಣ್ಣುತ್ತಿದ್ದ ನನ್ನ ಬಲಗೈಗೂ ಒಂದು ಕೆಲಸ ಸಿಕ್ಕಿತು. ಡಾಕ್ಟರನ್ನು ಕೇಳಿದರೆ, "ಮಾಡ್ರಿ, ಛಲೋನೇ ಆಯ್ತು," ಅಂದರು.

ಮೊದಲ ದಿನದ ಪ್ರಯೋಗಕ್ಕೆ ಚಾಚಾ ತಾವೇ ಮನೆಗೆ ಬಂದರು. ಗೆಳೆತನದ ಹುರುಪಿನಲ್ಲಿ ಬೇರಿಂಗಿಗೆ ಎಣ್ಣೆ ಧಾರಾಳವಾಗಿ ಹಾಕಿದ್ದರು. ನಾನು ಉಂಡೆ ಇಟ್ಟು, ಒಂದು ಪೆಟ್ಟು ಕೊಟ್ಟು, ಮುಂಗೈಯಿಂದ ನೂಕಿದೆ. ಹಲಗೆ ಗರಗರನೆ ತಿರುಗಿತು. ಹಿಟ್ಟು ಹಾರಿ ಹೋಗಿ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಮಡಿಲಲ್ಲಿ ಬಿತ್ತು.

ಅತ್ತೆ ಸೆರಗು ಬಾಯಿಗಿಟ್ಟು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಚಾಚಾ, ಇದು ರೊಟ್ಟಿ ಮಣಿಯೋ, ಹಕ್ಕಿ ಹೊಡೆಯೋ ಕವಣೆಯೋ?" ಅಂದರು. ಚಾಚಾ ಪೆಚ್ಚಾಗಿ, "ಜರಾ ಜಾಸ್ತಿ ಆಗ್ಯಾದ್ರೀ, ಬ್ರೇಕ್ ಹಾಕ್ತೀನಿ," ಎಂದು ಒಯ್ದು, ಸೈಕಲ್ಲಿನ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಕೆಳಗೆ ಬಿಗಿದು ತಂದರು. ಈಗ ನೂಕಿದಷ್ಟೇ ತಿರುಗುತ್ತಿತ್ತು, ನಿಲ್ಲೆಂದಲ್ಲಿ ನಿಲ್ಲುತ್ತಿತ್ತು.

ಆ ನಗುವಿನ ನಂತರ ಅತ್ತೆ ನನ್ನ ಗುರುವಾದರು. "ನೀರು ಇನ್ನೊಂದೀಟು ಕುದೀಲಿ. ಹಾಂ. ಅಂಚಿಗಿ ಬಡಿ, ನಡುವಕ ಬ್ಯಾಡ." ಎಡಗೈ ಮೊದಲು ಮೊದ್ದಾಗಿತ್ತು, ಹೊಡೆದಲ್ಲೇ ಹೊಡೆಯುತ್ತಿತ್ತು. ಮಹಾನವಮಿಯ ಹೊತ್ತಿಗೆ ಅದಕ್ಕೆ ತಾಳ ಸಿಕ್ಕಿತು. ಒಂದು ಮುಂಜಾನೆ ರೊಟ್ಟಿಯನ್ನು ಎಡ ಅಂಗೈಯ ಮೇಲೆ ಎತ್ತಿ ಹಂಚಿಗೆ ಹಾಕಿದೆ, ನೀರು ಸವರಿದೆ, ತಿರುವಿದೆ. ಅದು ಮೆಲ್ಲಗೆ ಒಂದು ಕಡೆಯಿಂದ ಎದ್ದು ಪೂರ್ತಿ ಉಬ್ಬಿತು. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಅದನ್ನು ತಾಟಿನಲ್ಲಿಟ್ಟುಕೊಂಡು ಬಚ್ಚಲ ಬಾಗಿಲು ಬಡಿದು, ಸ್ನಾನ ಮಾಡುತ್ತಿದ್ದ ನಮ್ಮವರನ್ನು ಹೊರಗೆ ಕರೆದು ತೋರಿಸಿದೆ. ಸಾಬೂನಿನ ಮುಖದಲ್ಲೇ ಅವರು "ಭಲೆ!" ಅಂದರು.

ಇಷ್ಟಾದರೂ ಒಂದು ಗಂಟು ಬಿಚ್ಚಲಿಲ್ಲ. "ಮಾಡೋದು ನೀ ಮಾಡು," ಅಂದರು ಅತ್ತೆ. "ಅಮಾಸಿ ರೊಟ್ಟಿನೂ ನಿಂದೇ. ಖಾನಾವಳಿದು ಬ್ಯಾಡ ಅಂತ ಯಕ್ಕಗ ಹೇಳ್ತೀನಿ. ಆದ್ರ ನೀಡೋದು ನಾ ನೀಡ್ತೀನಿ. ಒಲಿ ಮುಂದ ಯಾರು ನೋಡ್ತಾರ, ಪಂಕ್ತಿಯಾಗ ಎಲ್ಲಾರೂ ನೋಡ್ತಾರ." ಅರ್ಧ ಗೆದ್ದಿದ್ದೆ. ಅರ್ಧಕ್ಕೆ ಸಮಾಧಾನ ಮಾಡಿಕೊಳ್ಳಬೇಕೆಂದು ಎಷ್ಟು ಪ್ರಯತ್ನಿಸಿದರೂ ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ಗುರುವಿನ ಹತ್ತಿರ ಜಗಳ ಆಡಲು ನಾಲಿಗೆ ಏಳಲಿಲ್ಲ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನವೇ ಕಮಲಾಪುರಕ್ಕೆ ಹೋದೆವು. ತಿರುಗುವ ಮಣೆ ನನ್ನ ತೊಡೆಯ ಮೇಲೆ ಕೂತೇ ಬಂತು. ಚಳಿ ಹಲ್ಲು ಕಟಕಟಿಸುವಷ್ಟಿತ್ತು. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂತೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಲ್ಲ ಕಾಳು ಎಲ್ಲ ಸೊಪ್ಪು ಕೂಡಿಸಿ ಕುದಿಸುವ ಭಜ್ಜಿ, ಕಡುಬು. ಬಿಸಿಲು ಬೀಳುವ ಹೊತ್ತಿಗೆ ರೊಟ್ಟಿಯ ಎರಡು ಅಟ್ಟಿ ಎದ್ದು ನಿಂತಿದ್ದವು. ಎಡಗೈಯ ಅಂಗೈ ಕೆಂಪಾಗಿತ್ತು, ಭುಜ ಸೆಳೆಯುತ್ತಿತ್ತು. ಅಷ್ಟೊಂದು ಸುಖದ ನೋವನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಹೊಲದಲ್ಲಿ ಜೋಳ ಎದೆಯುದ್ದ ಬೆಳೆದಿತ್ತು. ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದರು. ನಮ್ಮವರು ಚರಗ ಚೆಲ್ಲಿ ಬಂದರು. ಬಳಗವೆಲ್ಲ ಸಾಲಾಗಿ ಕೂತಿತು. ಕಲಬುರಗಿಯಿಂದ ಕರೆಸಿದ್ದ ಖಾದರ್ ಚಾಚಾ ಬಿಳಿ ಟೋಪಿ ಸರಿಪಡಿಸಿಕೊಂಡು ತುದಿಯಲ್ಲಿ ಕೂತರು. ಸಾಲಿನ ತಲೆಗೆ ದೊಡ್ಡವ್ವ. ಅತ್ತೆ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಮೊದಲು ಅಕ್ಕನ ಮುಂದೆ ನಿಂತರು.

ದೊಡ್ಡವ್ವ ತಾಟನ್ನು ಹಿಂದಕ್ಕೆ ಎಳೆದುಕೊಂಡರು.

"ಸೊಸಿ ಎಡಗೈಲೆ ಬಡ್ದಾಳಂತ ಇವನ್ನ? ಹಬ್ಬದ ದಿನ ನನಗ ಬ್ಯಾಡ. ಬರೇ ಭಜ್ಜಿ ನೀಡು."

ನಾನು ನೀರಿನ ಕೊಡದ ಹತ್ತಿರ ನಿಂತಿದ್ದೆ, ಮುಖ ಬಿಸಿಯಾಯಿತು. ಅತ್ತೆ ಬುಟ್ಟಿ ಕೆಳಗಿಳಿಸಿದರು.

"ಯಕ್ಕಾ, ಮುಂಜಾನಿ ಲಿಂಗಪೂಜಿ ಮಾಡ್ಕೊಂಡಿಯೇನು?"

"ಮಾಡ್ಕೊಳ್ದ ನಾ ಬಾಯಾಗ ನೀರು ಹಾಕ್ತೀನೇನು?"

"ಲಿಂಗಪ್ಪನ್ನ ಯಾವ ಕೈಯಾಗ ಕುಂದ್ರಿಸಿದ್ದಿ?"

ದೊಡ್ಡವ್ವನ ಕಣ್ಣು ತಮ್ಮ ಎಡ ಅಂಗೈಗೆ ಹೋಯಿತು. ಲಿಂಗ ಕಟ್ಟಿದ ನಾವೆಲ್ಲ ದಿನಾ ಮುಂಜಾನೆ ಶಿವನನ್ನು ಇಟ್ಟುಕೊಂಡು ಪೂಜಿಸುವುದು ಅದೇ ಅಂಗೈಯಲ್ಲಿ.

"ಶಿವ ಕುಂದ್ರೋ ಕೈ ಅದು," ಅಂದರು ಅತ್ತೆ. "ಆ ಕೈಲೆ ಮಾಡಿದ ರೊಟ್ಟಿ ನಿನಗ ಬ್ಯಾಡಾದ್ರ ಬಿಡು. ಆರು ತಿಂಗಳು ನಾನೂ ಹುಚ್ಚಿ ಹಂಗ ಇದನ್ನೇ ಅಂದೀನಿ. ಇವತ್ತ ಪೂಜಿಗಿ ಕುಂತಾಗ ಅಂಗೈ ನೋಡ್ಕೊಂಡೆ, ನನಗ ನಾಚ್ಕಿ ಆಯ್ತು."

ಆಮೇಲೆ ತಿರುಗಿ ನನ್ನನ್ನು ಕರೆದರು. "ಸುಜಾತಾ, ಬಾ ಇಲ್ಲಿ. ನೀನೇ ನೀಡು." ಬುಟ್ಟಿಯನ್ನು ನನ್ನ ಬಲ ತೋಳಿನ ಸಂದಿಗೆ ಸಿಗಿಸಿ, ತಾವು ಹೋಗಿ ಚಾಚಾ ಪಕ್ಕದಲ್ಲಿ ತಾಟು ಹಾಕಿಕೊಂಡು ಕೂತರು. ನನ್ನ ಅತ್ತೆ ಪಂಕ್ತಿಯಲ್ಲಿ ಕೂತು, ನಾನು ಬಡಿಸುವುದನ್ನು ಕಾಯುತ್ತಿದ್ದರು.

ನಾನು ಎಡಗೈಯಲ್ಲಿ ರೊಟ್ಟಿ ಎತ್ತಿದೆ. ದೊಡ್ಡವ್ವ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ತಾಟನ್ನು ಮುಂದಕ್ಕೆ ನೂಕಿದರು. ಹಾಕಿದೆ. ಅಲ್ಲಿಂದ ಸಾಲಿನ ತುದಿಯವರೆಗೆ ಒಬ್ಬೊಬ್ಬರಿಗೂ ಹಾಕುತ್ತ ಹೋದೆ. ಹೋದಂತೆ ಹೆಜ್ಜೆಗೆ ಬಿಂಕ ಬಂತು. ಚಾಚಾ ರೊಟ್ಟಿಯನ್ನು ಬಿಸಿಲಿಗೆ ಹಿಡಿದು, ತಾವೇ ಬಡಿದವರ ಹಾಗೆ ನಾಲ್ಕೂ ಕಡೆ ತಿರುಗಿಸಿ ನೋಡಿ, "ಬರಾಬರ್ ದುಂಡಗ ಆಗ್ಯಾವ," ಅಂದರು. ಅತ್ತೆ ಎರಡು ಹಾಕಿಸಿಕೊಂಡರು. ನಾನು ಗೆದ್ದಿದ್ದೆ. ಜೋಳದ ತೆನೆಗಳ ನಡುವೆ ನಿಂತು ಕೂಗಬೇಕೆನಿಸಿತು, ಬುಟ್ಟಿ ಇದ್ದುದರಿಂದ ಸುಮ್ಮನಾದೆ.

ಎರಡನೇ ಸುತ್ತಿಗೆ ದೊಡ್ಡವ್ವನ ಮುಂದೆ ಬಂದಾಗ ಅವರ ತಾಟಿನಲ್ಲಿ ರೊಟ್ಟಿಯ ಚೂರೂ ಉಳಿದಿರಲಿಲ್ಲ. ಕೇಳದೆಯೇ ಇನ್ನೊಂದು ಹಾಕಿದೆ, ಬೇಡವೆನ್ನಲಿಲ್ಲ. ಒಂದು ತುತ್ತು ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು.

"ಏನವಾ, ಭಜ್ಜಿಗಿ ಉಪ್ಪು ಕಡಿಮಿ ಮಾಡಿಯಲ್ಲ? ಇಷ್ಟು ವರ್ಷ ಆಯ್ತು, ಇನ್ನಾ ಉಪ್ಪಿನ ಹದ ತಿಳಿವಲ್ದೇನು ನಿನಗ?"

ಎಂಟು ತಿಂಗಳಿಂದ ಎಲ್ಲರೂ ನೋಡುತ್ತಿದ್ದದ್ದು ನನ್ನ ಕೈಯನ್ನು. ಇವತ್ತು ದೊಡ್ಡವ್ವ ತಪ್ಪು ಹುಡುಕಿದ್ದು ನನ್ನ ಅಡುಗೆಯಲ್ಲಿ. "ಖರೇ ಅದ ದೊಡ್ಡವ್ವಾ, ಕಡಿಮಿನೇ ಆಗ್ಯಾದ," ಎಂದು ಬಾಯಿ ತುಂಬ ನಕ್ಕು, ಉಪ್ಪು ತರಲು ಓಡಿದೆ.